ನಾಮಪತ್ರಕ್ಕೆ ಮೊದಲು ಹಾರ್ಡ್‌ಡಿಸ್ಕ್

ಸಾಕ್ಷ್ಯಚಿತ್ರ ಮಾಡಿಕೊಂಡಿದ್ದ ಮುಸ್ಲಿಂ ಹೆಣ್ಣುಮಗಳೊಬ್ಬಳು ವಿಧಾನಸಭೆಗೆ ಪಕ್ಷೇತರಳಾಗಿ ನಿಲ್ಲುತ್ತೇನೆ ಅಂದ ಕೂಡಲೇ ಊರು ಕೇಳುವುದು ಎರಡೇ ಪ್ರಶ್ನೆ. ದುಡ್ಡು ಎಷ್ಟಿದೆ? ನಿಮ್ಮವರ ಓಟು ಎಷ್ಟಿದೆ? ಎರಡೂ ಆಮೇಲಿನ ಮಾತು. ಮೊದಲು ಕೆಳಗಿಳಿಸಬೇಕಾದದ್ದು ಅಟ್ಟದ ಮೇಲಿರುವ ಹಳೇ ಕರಾರುಗಳ ಫೈಲು, ಅದರ ಪಕ್ಕದ ಹಾರ್ಡ್‌ಡಿಸ್ಕುಗಳ ಡಬ್ಬಿ. ನಾಮಪತ್ರ ತಿರಸ್ಕೃತವಾಗುವುದಿರಲಿ, ಪ್ರಚಾರದ ನಟ್ಟನಡುವೆ ಹಳೇ ತುಣುಕೊಂದು ವಾಟ್ಸಾಪಿನಲ್ಲಿ ಹರಿದಾಡುವುದಿರಲಿ, ಗೆದ್ದ ಮೇಲೆ ಹೈಕೋರ್ಟಿನಲ್ಲಿ ತಕರಾರು ಅರ್ಜಿ ಬೀಳುವುದಿರಲಿ, ಸಿನಿಮಾದವಳ ಮಟ್ಟಿಗೆ ಮೂರಕ್ಕೂ ಬೀಜ ಅಲ್ಲೇ ಇರುತ್ತದೆ. ಇಂಥ ಉಮೇದುವಾರಿಕೆಯ ಕಾಗದಪತ್ರದ ಮೇಜಿನ ಹಿಂದೆ ಕೂತು ಕಂಡುಕೊಂಡದ್ದನ್ನು ಕೆಲಸ ನಡೆಯುವ ಕ್ರಮದಲ್ಲೇ ಬರೆಯುತ್ತಿದ್ದೇವೆ.

ಕರ್ನಾಟಕದಲ್ಲಿ ಸಿನಿಮಾದಿಂದ ರಾಜಕೀಯಕ್ಕೆ ಹೋದ ಹೆಂಗಸರು ಇಲ್ಲದಿಲ್ಲ. ಉಮಾಶ್ರೀ 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾದರು, 2023ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಸುಮಲತಾ ಅಂಬರೀಶ್ 2019ರಲ್ಲಿ ಮಂಡ್ಯದಿಂದ ಪಕ್ಷೇತರರಾಗಿ ಲೋಕಸಭೆಗೆ ಹೋದರು. ಇವೆಲ್ಲ ಪರದೆಯ ಮೇಲೆ ಜನ ನೋಡಿದ್ದ ಮುಖಗಳು. ಕ್ಯಾಮೆರಾ ಹಿಂದೆ ನಿಂತವಳನ್ನು ಗುರುತಿಸುವವರು ಯಾರು? ಪರಿಷತ್ತಿನ 75 ಸ್ಥಾನಗಳಲ್ಲಿ ಕಲೆ, ಸಾಹಿತ್ಯ, ವಿಜ್ಞಾನ, ಸಹಕಾರ, ಸಮಾಜಸೇವೆಯವರಿಗೆಂದು ನಾಮನಿರ್ದೇಶನದಿಂದ ತುಂಬುವ 11 ಇವೆ ನಿಜ, ಆದರೆ ಆ ಬಾಗಿಲಿನ ಚಿಲಕ ಒಳಗಡೆ ಇದೆ, ಸರ್ಕಾರದ ಕೈಯಲ್ಲಿ. ಇನ್ನು ನೇರ ಚುನಾವಣೆ. 2023ರಲ್ಲಿ 224 ಕ್ಷೇತ್ರಗಳಿಂದ ಗೆದ್ದ ಹೆಂಗಸರು 10. ಅವರಲ್ಲಿ ಮುಸ್ಲಿಂ ಒಬ್ಬರೇ, ಗುಲಬರ್ಗಾ ಉತ್ತರದ ಕನೀಜ್ ಫಾತಿಮಾ, ಅವರು ಕಾಂಗ್ರೆಸ್ಸಿನವರು. ಪಕ್ಷೇತರರೂ ಒಬ್ಬರೇ, ಹರಪನಹಳ್ಳಿಯ ಲತಾ ಮಲ್ಲಿಕಾರ್ಜುನ್. ಎರಡೂ ಒಬ್ಬರಲ್ಲೇ ಕೂಡಿದವರು ಆ ಪಟ್ಟಿಯಲ್ಲಿಲ್ಲ. ಮಹಿಳೆಯರಿಗೆ ಮೂರನೇ ಒಂದು ಭಾಗ ಮೀಸಲಿಡುವ 2023ರ 106ನೇ ತಿದ್ದುಪಡಿಯಲ್ಲೂ ಅಲ್ಪಸಂಖ್ಯಾತ ಮಹಿಳೆಗೆಂದು ಒಳಮೀಸಲಾತಿ ಇಲ್ಲ. ಎಂದರೆ ದಾರಿ ತೋರುವ ಹೆಜ್ಜೆಗುರುತು ಕಡಿಮೆ. ನಿಯಮ ಪುಸ್ತಕವೇ ಗತಿ.

ಫೈಲಿನಲ್ಲಿ ಮೊದಲು ಹುಡುಕಬೇಕಾದದ್ದು ಸರ್ಕಾರಿ ಕೆಲಸ. ಸಾಕ್ಷ್ಯಚಿತ್ರದವರ ಹೊಟ್ಟೆ ತುಂಬಿಸುವುದೇ ಇಲಾಖೆಗಳಿಗೆ ಮಾಡಿಕೊಡುವ ಹತ್ತು ಹದಿನೈದು ನಿಮಿಷದ ಚಿತ್ರಗಳು. 1951ರ ಜನಪ್ರತಿನಿಧಿ ಕಾಯ್ದೆಯ 9ಎ ಕಲಂ ಪ್ರಕಾರ, ವ್ಯಾಪಾರ ವಹಿವಾಟಿನ ಭಾಗವಾಗಿ ಸರ್ಕಾರಕ್ಕೆ ಸರಕು ಪೂರೈಸುವ ಇಲ್ಲವೇ ಸರ್ಕಾರದ ಕಾಮಗಾರಿ ನಡೆಸಿಕೊಡುವ ಕರಾರು ಜಾರಿಯಲ್ಲಿದ್ದರೆ ಅಭ್ಯರ್ಥಿ ಅನರ್ಹ. ಚಿತ್ರ ಮಾಡಿಕೊಡುವುದು ‘ಕಾಮಗಾರಿ’ಯೇ ಎಂದು ವಾದ ಮಾಡಬಹುದು, ಆದರೆ ಪರಿಶೀಲನೆಯ ದಿನ ಚುನಾವಣಾಧಿಕಾರಿಯ ಮೇಜಿನ ಮುಂದೆ ಆ ವಾದ ಶುರುವಾಗಲು ಬಿಡುವುದೇ ತಪ್ಪು. ಇಲ್ಲೊಂದು ಸಮಾಧಾನದ ವಿಷಯ ಕಾಯ್ದೆಯಲ್ಲೇ ಇದೆ. ನಮ್ಮ ಕಡೆಯ ಕೆಲಸ ಪೂರ್ತಿ ಮುಗಿದಿದ್ದರೆ, ಸರ್ಕಾರ ಬಿಲ್ ಪಾವತಿಸಿಲ್ಲ ಎಂಬ ಒಂದೇ ಕಾರಣಕ್ಕೆ ಕರಾರು ಜಾರಿಯಲ್ಲಿದೆ ಎಂದು ಎಣಿಸುವಂತಿಲ್ಲ. ಹಾಗಾಗಿ ಬಾಕಿ ಹಣದ ಹಿಂದೆ ಓಡಬೇಡಿ. ಫೈನಲ್ ಮಾಸ್ಟರ್ ಕೊಟ್ಟು, ಸಬ್‌ಟೈಟಲ್ ಕೊಟ್ಟು, ಕರಾರಿನಲ್ಲಿ ಬರೆದಿದ್ದರೆ ರಶಸ್ಸನ್ನೂ, ಎಂದರೆ ಕತ್ತರಿಸದ ಮೂಲ ಚಿತ್ರೀಕರಣವನ್ನೂ ಒಪ್ಪಿಸಿ, ‘ಕೆಲಸ ಪೂರ್ಣಗೊಂಡಿದೆ, ಬಾಕಿ ಏನೂ ಇಲ್ಲ’ ಎಂಬ ಪತ್ರವನ್ನು ದಿನಾಂಕ, ಸೀಲಿನೊಂದಿಗೆ ತೆಗೆದುಕೊಳ್ಳಿ. ‘ಇನ್ನೊಂದು ಸಣ್ಣ ಕರೆಕ್ಷನ್ ಇದೆ’ ಎಂದು ಎಳೆದಾಡುವ ಕೆಲಸವೇ ಅಪಾಯದ್ದು, ಏಕೆಂದರೆ ಆ ಒಂದು ಕರೆಕ್ಷನ್ ಉಳಿದಿರುವವರೆಗೆ ಕರಾರೂ ಉಳಿದಿರುತ್ತದೆ. ವಿಧಾನಸಭೆಗೆ ನಿಲ್ಲುವವರಿಗೆ ಇಲ್ಲಿ ಲೆಕ್ಕಕ್ಕೆ ಬರುವುದು ರಾಜ್ಯ ಸರ್ಕಾರದ ಕರಾರು, ಲೋಕಸಭೆಗಾದರೆ ಕೇಂದ್ರದ್ದು. ನಾಮಪತ್ರದ ಜೊತೆ ಕೊಡುವ ಅಫಿಡವಿಟ್ಟಿನಲ್ಲೂ ಸರ್ಕಾರಿ ಕರಾರುಗಳನ್ನು ಬರೆಯಬೇಕು.

ಎರಡನೆಯದು ವಿದೇಶಿ ಹಣ. ಚಿತ್ರೋತ್ಸವಗಳ ನಿಧಿ, ಪ್ರತಿಷ್ಠಾನಗಳ ಗ್ರಾಂಟು, ಸಹನಿರ್ಮಾಣದ ಕಂತು ಇವಿಲ್ಲದೆ ಸ್ವತಂತ್ರ ಸಾಕ್ಷ್ಯಚಿತ್ರ ಇಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010ರ 3ನೇ ಕಲಮಿನ ನಿಷೇಧಿತರ ಪಟ್ಟಿ ಶುರುವಾಗುವುದೇ ‘ಚುನಾವಣೆಯ ಅಭ್ಯರ್ಥಿ’ ಎಂಬ ಪದದಿಂದ. ನಾಮಪತ್ರ ಹಾಕಿದ ಮೇಲೆ ಗ್ರಾಂಟಿನ ಎರಡನೇ ಕಂತು ಖಾತೆಗೆ ಬಿದ್ದರೆ, ಅದು ಮೂರು ವರ್ಷದ ಹಿಂದೆ ಒಪ್ಪಿದ ಚಿತ್ರದ್ದೇ ಇರಲಿ, ಉತ್ತರ ಹೇಳಬೇಕಾಗುತ್ತದೆ. ಮಾಡಿದ ಕೆಲಸದ ಸಂಭಾವನೆಗೆ, ವ್ಯಾಪಾರದ ನಡಾವಳಿಯ ಪಾವತಿಗೆ 4ನೇ ಕಲಮಿನಲ್ಲಿ ವಿನಾಯಿತಿ ಇದೆ. ಹೊರದೇಶದ ಚಾನೆಲ್ಲಿಗೆ ಪ್ರಸಾರದ ಹಕ್ಕು ಮಾರಿದ ಹಣ ಒಂದು ತರಹ, ಅನುದಾನ ಇನ್ನೊಂದು ತರಹ. ಎರಡನ್ನೂ ಒಂದೇ ಖಾತೆಗೆ ಹಾಕಿಸಿಕೊಂಡಿರುವುದು ನಮ್ಮವರ ಮಾಮೂಲಿ ಅಭ್ಯಾಸ. ಅಧಿಸೂಚನೆ ಹೊರಡುವ ಆರು ತಿಂಗಳಾದರೂ ಮೊದಲು ಚಾರ್ಟರ್ಡ್ ಅಕೌಂಟೆಂಟರ ಮುಂದೆ ಪಾಸ್‌ಬುಕ್ ಇಟ್ಟು ಒಂದೊಂದು ಸಾಲಿಗೂ ಹೆಸರು ಬರೆಸಿ, ಬರಬೇಕಾದ ಕಂತುಗಳನ್ನು ತಡೆಹಿಡಿಯಲು ಪತ್ರ ಬರೆಯಿರಿ. ಚಿತ್ರಕ್ಕೆ ಜನರಿಂದ ಹಣ ಎತ್ತಿದ ಅನುಭವವಿದ್ದವರು ಚುನಾವಣೆಗೂ ಅದನ್ನೇ ಮಾಡಲು ಹೋಗುತ್ತಾರೆ. ಮಾಡಬಹುದು. ಆದರೆ ಕೊಟ್ಟವರ ಹೆಸರು, ವಿಳಾಸ ಒಂದೊಂದೂ ಬೇಕು, ಒಬ್ಬರಿಂದ ₹10,000ಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ದುಬೈಯಲ್ಲಿ ದುಡಿಯುತ್ತಿರುವ ಭಾರತೀಯ ಪಾಸ್‌ಪೋರ್ಟಿನ ಚಿಕ್ಕಪ್ಪ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಹಳೇ ಸಹಪಾಠಿ ನೂರು ಡಾಲರ್ ಕಳಿಸಿದರೆ ಅದು ವಿದೇಶಿ ದೇಣಿಗೆಯೇ. ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳದೆ ಕ್ಯೂಆರ್ ಕೋಡ್ ಹಂಚಬೇಡಿ.

ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ಬೇಕು. ನಾಮಪತ್ರ ಸಲ್ಲಿಸುವ ದಿನಕ್ಕಿಂತ ಒಂದು ದಿನವಾದರೂ ಮುಂಚೆ ತೆರೆದಿರಬೇಕು. ನಿರ್ಮಾಣ ಸಂಸ್ಥೆಯ ಖಾತೆಯನ್ನೇ ಬಳಸುತ್ತೇನೆ ಅಂದರೆ ಆಗುವುದಿಲ್ಲ.

ಇನ್ನು ನಮೂನೆ 26, ಎಂದರೆ ಅಫಿಡವಿಟ್. ಸಿನಿಮಾದವಳಿಗೆ ಇದು ಬೇರೆಯವರಿಗಿಂತ ಎರಡು ಪಟ್ಟು ಕೆಲಸ. ತನ್ನ, ಗಂಡನ, ಅವಲಂಬಿತರ ಐದು ವರ್ಷದ ಆದಾಯ ತೆರಿಗೆ ರಿಟರ್ನ್ಸಿನ ಮೊತ್ತ ಕೇಳುತ್ತದೆ. ನಮ್ಮ ಆದಾಯ ಒಂದು ವರ್ಷ ಉಕ್ಕಿ ಎರಡು ವರ್ಷ ಬತ್ತುವಂಥದ್ದು, ಬತ್ತಿದ ವರ್ಷ ರಿಟರ್ನ್ ಹಾಕಿರುವುದೇ ಇಲ್ಲ. ಹಾಕದಿದ್ದರೆ ‘ಸಲ್ಲಿಸಿಲ್ಲ’ ಎಂದೇ ಬರೆಯಬೇಕು. ಖಾಲಿ ಬಿಟ್ಟ ಕಲಮೇ ಶತ್ರು. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಚುನಾವಣಾಧಿಕಾರಿ ಖಾಲಿ ಕಲಂ ಕಂಡರೆ ತುಂಬುವಂತೆ ನೋಟಿಸ್ ಕೊಡುತ್ತಾರೆ, ಆಗಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು. ಅಡ್ಡಗೆರೆಯೂ ಬೇಡ. ‘ಇಲ್ಲ’, ‘ಅನ್ವಯಿಸುವುದಿಲ್ಲ’, ‘ಶೂನ್ಯ’ ಎಂದು ಅಕ್ಷರದಲ್ಲೇ ಬರೆಯಿರಿ.

ಚರಾಸ್ತಿಯ ಕಲಂ ಹತ್ತಿರ ಎಲ್ಲರೂ ಬ್ಯಾಂಕ್ ಠೇವಣಿ, ಕಾರು, ಚಿನ್ನ ಬರೆದು ಮುಂದೆ ಹೋಗುತ್ತಾರೆ. ಕ್ಯಾಮೆರಾ ಬಾಡಿ, ಲೆನ್ಸುಗಳು, ಡ್ರೋನ್, ಎಡಿಟಿಂಗ್ ಕಂಪ್ಯೂಟರ್ ಇವೂ ಆಸ್ತಿಯೇ. ಕೊಂಡ ಬೆಲೆಯಲ್ಲ, ಸವಕಳಿ ಕಳೆದ ಇಂದಿನ ಮೌಲ್ಯ ಬರೆಯಬೇಕು, ರಿಟರ್ನ್ಸಿನಲ್ಲಿ ತೋರಿಸಿದ ಅಂಕಿಗೆ ಅದು ಹೊಂದಬೇಕು. ನಿರ್ಮಾಣ ಸಂಸ್ಥೆಯ ಹೆಸರಲ್ಲಿದ್ದರೆ ಸಂಸ್ಥೆಯಲ್ಲಿರುವ ನಿಮ್ಮ ಪಾಲು ಬರುತ್ತದೆ, ಲೆನ್ಸ್ ಬರುವುದಿಲ್ಲ. ಬರಬೇಕಾದ ಹಣ, ಹಕ್ಕುಗಳ ಪಾಲು ಇವಕ್ಕೆ ‘ಇತರೆ ಆಸ್ತಿ’ ಎಂಬ ಸಾಲು ಇದೆ. ಚಿತ್ರ ಮುಗಿಸಲು ಗೆಳತಿಯಿಂದ ತಂದ ಕೈಸಾಲ ಹೊಣೆಗಾರಿಕೆಯ ಕಲಮಿಗೆ. ಇಮೇಲ್, ಸಾಮಾಜಿಕ ಜಾಲತಾಣದ ಖಾತೆಗಳ ವಿವರವನ್ನೂ ಇದೇ ನಮೂನೆ ಕೇಳುತ್ತದೆ. ನಿಮ್ಮ ಹೆಸರಿನ ಖಾತೆಯ ಜೊತೆಗೆ ಚಿತ್ರದ ಹೆಸರಿನಲ್ಲಿ ನೀವೇ ನಡೆಸುವ ಪುಟಗಳನ್ನೂ ಬರೆದುಬಿಡಿ. ಬರೆಯದೆ ಅಲ್ಲಿ ಪ್ರಚಾರ ಮಾಡಿದರೆ ಮುಚ್ಚಿಟ್ಟಂತಾಗುತ್ತದೆ.

ಪ್ರಕರಣಗಳ ಕಲಂ ನಿಧಾನವಾಗಿ ತುಂಬಬೇಕಾದದ್ದು. ಧರಣಿ ಚಿತ್ರೀಕರಿಸಲು ಹೋದಾಗ ಗುಂಪಿನಲ್ಲಿದ್ದವರೆಲ್ಲರ ಮೇಲೆ ಹಾಕಿದ ಕೇಸಿನಲ್ಲಿ ಹೆಸರು ಸೇರಿರುವುದು ಆಗಾಗ ಆಗುವುದೇ, ಎಷ್ಟೋ ಸಲ ಸಮನ್ಸ್ ಬಂದಿರುವುದಿಲ್ಲವಾದ್ದರಿಂದ ಗೊತ್ತೇ ಇರುವುದಿಲ್ಲ. ಚಿತ್ರೀಕರಣ ಮಾಡಿದ ಪ್ರತಿ ಊರಿನ ಠಾಣೆಯ ದಾಖಲೆಯನ್ನು ವಕೀಲರಿಂದ ಹುಡುಕಿಸಿ. ಬಾಕಿ ಪ್ರಕರಣ ಒಂದಿದ್ದರೂ ಅದರ ವಿವರವನ್ನು ಪತ್ರಿಕೆಯಲ್ಲಿ, ಟಿವಿಯಲ್ಲಿ ಮೂರು ಬಾರಿ ಪ್ರಕಟಿಸಬೇಕು: ನಾಮಪತ್ರ ವಾಪಸ್ ಪಡೆಯುವ ಕೊನೇ ದಿನದಿಂದ ಮೊದಲ ನಾಲ್ಕು ದಿನದೊಳಗೆ ಒಮ್ಮೆ, ಐದರಿಂದ ಎಂಟನೇ ದಿನದೊಳಗೆ ಒಮ್ಮೆ, ಒಂಬತ್ತನೇ ದಿನದಿಂದ ಪ್ರಚಾರ ಮುಗಿಯುವವರೆಗೆ ಒಮ್ಮೆ. ಪತ್ರಿಕೆಯಲ್ಲಿ ಅಕ್ಷರದ ಗಾತ್ರ 12 ಪಾಯಿಂಟಿಗಿಂತ ಸಣ್ಣದಾಗಬಾರದು. ಖರ್ಚು ನಿಮ್ಮದೇ. ಇದನ್ನು ಅವಮಾನ ಎಂದುಕೊಳ್ಳುವ ಬದಲು ಯಾವ ಧರಣಿ, ಯಾಕೆ ಎಂದು ಸಭೆಯಲ್ಲಿ ನೀವೇ ಮೊದಲು ಹೇಳಿಬಿಟ್ಟರೆ ಎದುರಾಳಿಯ ಕರಪತ್ರಕ್ಕೆ ಹೂರಣ ಇರುವುದಿಲ್ಲ.

ಹೆಸರಿನದೊಂದು ತೊಡಕಿದೆ. ಮತದಾರರ ಪಟ್ಟಿಯಲ್ಲಿ ‘ಬೀ’, ಪ್ಯಾನ್ ಕಾರ್ಡಿನಲ್ಲಿ ‘ಬೇಗಂ’, ಚಿತ್ರದ ಟೈಟಲ್ ಕಾರ್ಡಿನಲ್ಲಿ ಎರಡೂ ಇಲ್ಲ; ಮುಸ್ಲಿಂ ಹೆಂಗಸರ ದಾಖಲೆಗಳಲ್ಲಿ ಇದು ಮನೆಮನೆಯ ಕಥೆ. ಸಣ್ಣಪುಟ್ಟ ಅಕ್ಷರದೋಷಕ್ಕೆ ನಾಮಪತ್ರ ತಿರಸ್ಕರಿಸುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ಆದರೂ ನಮೂನೆ 8 ಹಾಕಿ ಪಟ್ಟಿಯ ಹೆಸರನ್ನು ಮೊದಲೇ ಸರಿಮಾಡಿಸಿಕೊಂಡರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತದೆ. ಜನ ಕರೆಯುವ ಹೆಸರೇ ಬೇರೆ ಇದ್ದರೆ, ಕಣದಲ್ಲಿರುವವರ ಅಂತಿಮ ಪಟ್ಟಿ ತಯಾರಾಗುವ ಮೊದಲು ಅದನ್ನು ಲಿಖಿತವಾಗಿ ಕೊಟ್ಟು ಬ್ಯಾಲೆಟ್ಟಿನಲ್ಲಿ ಹಾಕಿಸಿಕೊಳ್ಳಬಹುದು. ಮಂಡ್ಯದಲ್ಲಿ 2019ರಲ್ಲಿ ಸುಮಲತಾ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು ಎಂಬುದು ನೆನಪಿರಲಿ. ಹೆಸರಿನ ಮುಂದಿನ ಫೋಟೋ ಆಗ ಕೆಲಸಕ್ಕೆ ಬರುತ್ತದೆ. ಅಳತೆ 2 ಸೆಂ.ಮೀ. ಅಗಲ, 2.5 ಸೆಂ.ಮೀ. ಎತ್ತರ, ಬಿಳಿ ಅಥವಾ ಬಿಳಿಗೆ ಹತ್ತಿರದ ಹಿನ್ನೆಲೆ, ಮೂರು ತಿಂಗಳೊಳಗೆ ತೆಗೆದದ್ದು, ಮುಖ ನೇರ, ಕಣ್ಣು ತೆರೆದಿರಬೇಕು, ಟೋಪಿ, ಕಪ್ಪು ಕನ್ನಡಕ ಬೇಡ. ಛಾಯಾಗ್ರಹಣ ಬಲ್ಲವರು ಇಲ್ಲಿ ಎಡವುವುದು ವಿಚಿತ್ರ ಆದರೂ ನಿಜ. ಪಕ್ಕದಿಂದ ಬೆಳಕು ಬಿಟ್ಟು, ಅರ್ಧ ಮುಖ ನೆರಳಿನಲ್ಲಿಟ್ಟು ಚೆಂದದ ಪೋರ್ಟ್ರೇಟ್ ತೆಗೆದು ಕೊಡುತ್ತಾರೆ. ಎರಡು ಸೆಂಟಿಮೀಟರಿಗೆ ಇಳಿದಾಗ ಅದು ಮಸಿ. ತಲೆಯ ಮೇಲೆ ದುಪಟ್ಟಾ ಹೊದೆಯುವವರಾದರೆ ಹಣೆ, ಕೆನ್ನೆಯ ಅಂಚು ಪೂರ್ತಿ ಕಾಣುವಂತೆ ಹಿಂದಕ್ಕೆ ಸರಿಸಿ. ಬಿಳಿ ಹಿನ್ನೆಲೆಯಲ್ಲಿ ಬಿಳಿ ದುಪಟ್ಟಾ ಕರಗಿಹೋಗುತ್ತದೆ, ಗಾಢ ಬಣ್ಣದ್ದಿರಲಿ. ಪ್ರಚಾರದ ಪೋಸ್ಟರಿನಲ್ಲೂ ಅದೇ ಫೋಟೋ ಬಳಸಿ.

ಪಕ್ಷೇತರ ಅಭ್ಯರ್ಥಿಗೆ ನಾಮಪತ್ರದಲ್ಲಿ ಸಹಿ ಹಾಕಿ ಹೆಸರು ಸೂಚಿಸುವ ಹತ್ತು ಜನ ಸೂಚಕರು ಬೇಕು, ಹತ್ತೂ ಜನ ಅದೇ ಕ್ಷೇತ್ರದ ಮತದಾರರು. ಒಂದು ಮೊಹಲ್ಲಾದ ಹತ್ತು ಹೆಸರು ತರುವುದು ಸುಲಭ, ತರಬೇಡಿ. ನೀವು ಯಾರ ಅಭ್ಯರ್ಥಿ ಎಂಬ ಮೊದಲ ಗುರುತು ಬೀಳುವುದೇ ಆ ಪಟ್ಟಿಯಿಂದ. ಹೆಬ್ಬೆಟ್ಟು ಒತ್ತುವವರಿದ್ದರೆ ಚುನಾವಣಾಧಿಕಾರಿಯ ಇಲ್ಲವೇ ಚುನಾವಣಾ ಆಯೋಗ ಗೊತ್ತುಪಡಿಸಿದ ಅಧಿಕಾರಿಯ ಎದುರೇ ಒತ್ತಬೇಕು, ಮನೆಯಲ್ಲಿ ಒತ್ತಿಸಿ ತಂದದ್ದು ನಡೆಯುವುದಿಲ್ಲ. 2024ರಲ್ಲಿ ಸೂರತ್‌ ಲೋಕಸಭಾ ಕ್ಷೇತ್ರದಲ್ಲಿ ಸೂಚಕರು ‘ಈ ಸಹಿ ನಮ್ಮದಲ್ಲ’ ಅಂದಿದ್ದಕ್ಕೆ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ಬಿದ್ದು, ಕೊನೆಗೆ ಮತದಾನವೇ ಇಲ್ಲದೆ ಆಯ್ಕೆ ಮುಗಿಯಿತು. ಒಬ್ಬರಿಗೆ ನಾಲ್ಕು ಸೆಟ್ ನಾಮಪತ್ರ ಹಾಕಲು ಅವಕಾಶವಿದೆ. ಬೇರೆಬೇರೆ ಹತ್ತು ಸೂಚಕರೊಂದಿಗೆ ಎರಡು ಸೆಟ್ಟಾದರೂ ಹಾಕಿ. ಸಹಿ ಹಾಕುವುದನ್ನು ಚಿತ್ರೀಕರಿಸಿಡಿ, ಮುಖ, ಕೈ, ಕಾಗದ ಮೂರೂ ಒಂದೇ ಫ್ರೇಮಿನಲ್ಲಿ, ಕಟ್ ಇಲ್ಲದೆ.

ಸಲ್ಲಿಕೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 3. ಠೇವಣಿ ₹10,000, ಪರಿಶಿಷ್ಟ ಜಾತಿ ಪಂಗಡದವರಿಗೆ ₹5,000. ನಗದು ಇಲ್ಲವೇ ಖಜಾನೆ ಚಲನ್, ಚೆಕ್ ತೆಗೆದುಕೊಳ್ಳುವುದಿಲ್ಲ. ಬೇರೆ ಕ್ಷೇತ್ರದ ಮತದಾರಳಾಗಿದ್ದರೆ ಆ ಪಟ್ಟಿಯ ದೃಢೀಕೃತ ನಕಲು ಜೊತೆಗಿರಬೇಕು. ನಾಮಪತ್ರ ಕೊಟ್ಟ ತಕ್ಷಣ ಪ್ರಮಾಣವಚನ ಸ್ವೀಕರಿಸಿಬಿಡಿ. ಪರಿಶೀಲನೆಯ ದಿನ ಬೆಳಿಗ್ಗೆ ಮಾಡುತ್ತೇನೆ ಅಂದರೆ ತಡವಾಯಿತು, ಅದರ ಹಿಂದಿನ ದಿನದೊಳಗೆ ಆಗಿರಬೇಕು. ಒಳಗೆ ನಡೆಯುವುದನ್ನೆಲ್ಲ ಅವರ ಕ್ಯಾಮೆರಾ ಚಿತ್ರೀಕರಿಸುತ್ತಿರುತ್ತದೆ. ಅಂದಿನಿಂದ ಮುಂದಿನ ಮೂರು ವಾರ ಆ ಲೆನ್ಸು ಹಿಂದೆ ಬರುತ್ತಲೇ ಇರುತ್ತದೆ.

ಚಿಹ್ನೆಯ ಬಗ್ಗೆ ಒಂದು ಮಾತು. ಮುಕ್ತ ಚಿಹ್ನೆಗಳಲ್ಲಿ ಮೂರನ್ನು ಆದ್ಯತೆಯ ಕ್ರಮದಲ್ಲಿ ಬರೆಯಬೇಕು, ಒಂದನ್ನೇ ಇಬ್ಬರು ಕೇಳಿದರೆ ಚೀಟಿ ಎತ್ತುತ್ತಾರೆ. ಸಿನಿಮಾದವರಿಗೆ ಕ್ಯಾಮೆರಾ ಚಿಹ್ನೆಯ ಮೇಲೆ ಮೋಹ. ಬೇಡ. ಎಪ್ಪತ್ತು ವರ್ಷದ ಅಜ್ಜಿ ಬಾಯಲ್ಲಿ ಹೇಳಬಲ್ಲ, ಕಣ್ಣು ಮಂಜಾದರೂ ಗುರುತಿಸಬಲ್ಲ ವಸ್ತು ಬೇಕು. ಇಡೀ ಮಂಡ್ಯ ‘ಕಹಳೆ ಊದುವ ರೈತ’ ಎಂದು ಹೇಳಿಕೊಂಡು ತಿರುಗಿದ್ದು ಸುಮ್ಮನೆ ಅಲ್ಲ.

ಈಗ ‘ನಿಮ್ಮವರ ಓಟು’ ಎಂಬ ಮಾತಿಗೆ ಬರೋಣ. ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಜನಪ್ರತಿನಿಧಿ ಕಾಯ್ದೆಯ 123(3)ರ ಪ್ರಕಾರ ಭ್ರಷ್ಟ ಆಚರಣೆ, ಗೆದ್ದ ಚುನಾವಣೆಯೇ ರದ್ದಾಗಬಹುದು. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4:3 ಬಹುಮತದಿಂದ ಇದನ್ನು ಇನ್ನಷ್ಟು ಹಿಗ್ಗಿಸಿತು: ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರರ ಧರ್ಮದ ಹೆಸರಲ್ಲಿ ಕೇಳಿದರೂ ಅದೇ ತಪ್ಪು. ಅಲ್ಪಸಂಖ್ಯಾತ ಅಭ್ಯರ್ಥಿಯ ಪ್ರತಿ ಮಾತನ್ನೂ ಈ ಕಲಮಿನ ಕನ್ನಡಿ ಹಿಡಿದು ನೋಡುವವರಿರುತ್ತಾರೆ. ಸಲಾಂ ಹೇಳುವುದು ತಪ್ಪಲ್ಲ, ಉರ್ದುವಿನಲ್ಲಿ ಮಾತಾಡುವುದೂ ತಪ್ಪಲ್ಲ. ಶಾಲೆ, ಚರಂಡಿ, ಬೀಡಿ ಕಟ್ಟುವವರ ಕೂಲಿ, ವಿದ್ಯಾರ್ಥಿವೇತನ ನಿಂತುಹೋದದ್ದು, ಯಾವುದನ್ನಾದರೂ ಮಾತಾಡಿ. ‘ನಮ್ಮ ಕೌಮಿನ ಮಗಳಿಗೆ ಹಾಕಿ’ ಎಂಬ ಒಂದು ವಾಕ್ಯ ನಿಮ್ಮ ಬಾಯಿಂದಾಗಲಿ, ನಿಮ್ಮ ಒಪ್ಪಿಗೆಯಿಂದ ವೇದಿಕೆಯಲ್ಲಿ ನಿಂತವರ ಬಾಯಿಂದಾಗಲಿ ಬರಬಾರದು. ವೇದಿಕೆ ಹತ್ತುವ ಹಿರಿಯರಿಗೆ ಇದನ್ನು ಮೊದಲೇ ಹೇಳುವುದು ಮುಜುಗರದ ಕೆಲಸ, ಮಾಡಲೇಬೇಕು. ಮಸೀದಿ, ದರ್ಗಾ, ಚರ್ಚು, ದೇವಸ್ಥಾನ ಯಾವುದರ ಆವರಣವೂ ಪ್ರಚಾರಕ್ಕೆ ಸಲ್ಲದು. ಪ್ರಚಾರದ ಚಿತ್ರಕ್ಕೆ ಮಿನಾರಿನ ಹಿನ್ನೆಲೆ ಚೆನ್ನಾಗಿ ಕಾಣುತ್ತದೆ ಎಂದು ಛಾಯಾಗ್ರಾಹಕ ಹೇಳಿದರೆ ಟ್ರೈಪಾಡ್ ಮಡಚಿಸಿ.

ಪ್ರಚಾರದ ಚಿತ್ರ. ಇಲ್ಲಾದರೂ ಸಿನಿಮಾದವಳಿಗೆ ಅನುಕೂಲವಿದೆಯಲ್ಲ ಅನ್ನಿಸುತ್ತದೆ. ಇದೆ, ಗೆರೆ ಗೊತ್ತಿದ್ದರೆ. ಟಿವಿ, ಕೇಬಲ್, ರೇಡಿಯೋ, ಚಿತ್ರಮಂದಿರ, ಸಾರ್ವಜನಿಕ ಸ್ಥಳದ ಪರದೆ, ಅಂತರ್ಜಾಲದಲ್ಲಿ ಹಣ ಕೊಟ್ಟು ಹಾಕಿಸುವ ಜಾಹೀರಾತು, ಗುಂಪು ಎಸ್ಎಂಎಸ್ ಇವೆಲ್ಲಕ್ಕೂ ಜಿಲ್ಲೆಯ ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿಯ ಪೂರ್ವಾನುಮತಿ ಬೇಕು. ಪ್ರಸಾರಕ್ಕೆ ಕನಿಷ್ಠ ಮೂರು ದಿನ ಮೊದಲು ಅರ್ಜಿ ಹಾಕಬೇಕು, ಚಿತ್ರದ ಎರಡು ಪ್ರತಿ, ದೃಢೀಕರಿಸಿದ ಲಿಖಿತ ಪಠ್ಯ, ತಯಾರಿಕೆಯ ವೆಚ್ಚ, ಎಷ್ಟು ಬಾರಿ ಎಲ್ಲಿ ಪ್ರಸಾರ, ಅದರ ದರ ಎಲ್ಲ ಬರೆಯಬೇಕು. ಅನುಮತಿ ಸಿಕ್ಕ ಮೇಲೆ ಒಂದು ಶಾಟ್ ಬದಲಾಯಿಸಿದರೂ ಅದು ಬೇರೆ ಚಿತ್ರ. ‘ಸ್ವಲ್ಪ ಟೈಟ್ ಮಾಡಿದೆ’ ಎಂಬ ಎಡಿಟರನ ಚಟಕ್ಕೆ ಇಲ್ಲಿ ಜಾಗವಿಲ್ಲ. ನಿಮ್ಮ ಸ್ವಂತ ಪುಟದಲ್ಲಿ ಹಣ ಕೊಡದೆ ಹಾಕುವ ವಿಡಿಯೋವನ್ನು ಜಾಹೀರಾತು ಎಂದು ಎಣಿಸುವುದಿಲ್ಲ, ಅದಕ್ಕೆ ಪೂರ್ವಾನುಮತಿ ಬೇಡ. ಸಿನಿಮಾದವಳ ನಿಜವಾದ ಬಲ ಇಲ್ಲಿದೆ: ದಿನಕ್ಕೊಂದು ಎರಡು ನಿಮಿಷದ ಚಿತ್ರ, ಒಂದು ಬೀದಿ, ಒಂದು ಸಮಸ್ಯೆ. ‘ಬೂಸ್ಟ್’ ಗುಂಡಿ ಒತ್ತಿದ ಕ್ಷಣ ಅದೇ ಚಿತ್ರ ಜಾಹೀರಾತಾಗುತ್ತದೆ, ಆದ್ದರಿಂದ ಪುಟದ ಕೀಲಿ ಒಬ್ಬರ ಕೈಯಲ್ಲಿರಲಿ. ಪೂರ್ವಾನುಮತಿ ಬೇಡದ ಚಿತ್ರಕ್ಕೂ ಖರ್ಚಿನ ಲೆಕ್ಕ ಬೇಕು. ತಯಾರಿಕೆಯ ವೆಚ್ಚ, ಅದಕ್ಕೆಂದೇ ಇಟ್ಟುಕೊಂಡ ಹುಡುಗರ ಸಂಬಳ ಎಲ್ಲ ಚುನಾವಣಾ ವೆಚ್ಚವೇ.

ಮತದಾನ ಮುಗಿಯುವ ಹೊತ್ತಿಗೆ ಮೊದಲಿನ 48 ಗಂಟೆಗಳ ಮೌನ ಅವಧಿಯ ಬಗ್ಗೆ ಹೇಳುವ 126ನೇ ಕಲಂ ‘ಸಿನಿಮಾಟೋಗ್ರಾಫ್’ ಎಂಬ ಪದವನ್ನೇ ಬಳಸುತ್ತದೆ. ಚುನಾವಣಾ ವಿಷಯವನ್ನು ಅದರ ಮೂಲಕ ತೋರಿಸಿದರೆ ಎರಡು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಎಲ್ಲೋ ಕಾಲೇಜಿನ ಫಿಲಂ ಕ್ಲಬ್ಬು ನಿಮ್ಮ ಹಳೇ ಚಿತ್ರವನ್ನು ಆ ಎರಡು ದಿನದಲ್ಲಿ ತೋರಿಸಲು ಹೊರಟಿದ್ದರೆ ನೀವೇ ಫೋನು ಮಾಡಿ ನಿಲ್ಲಿಸಿ. ಅಭ್ಯರ್ಥಿಯ ಬದುಕಿನ ಕಥೆ ಹೇಳುವ ಚಿತ್ರವನ್ನಂತೂ ನೀತಿ ಸಂಹಿತೆ ಇರುವಷ್ಟು ದಿನವೂ ತೋರಿಸಬಾರದು. 2019ರ ಏಪ್ರಿಲ್ 10ರ ಆಯೋಗದ ಆದೇಶ ಇಂಥ ಜೀವನಚಿತ್ರಗಳ ಬಗ್ಗೆಯೇ ಹೊರಟದ್ದು.

ಹಾರ್ಡ್‌ಡಿಸ್ಕಿನ ಡಬ್ಬಿಗೆ ಬರೋಣ. ಹಳೇ ಚಿತ್ರಗಳಲ್ಲಿ ಮಾತಾಡಿದ ಹೆಂಗಸರು ಸಹಿ ಹಾಕಿಕೊಟ್ಟದ್ದು ಆ ಚಿತ್ರಕ್ಕೆ, ನಿಮ್ಮ ಚುನಾವಣೆಗಲ್ಲ. ತಲಾಖಿನ ಬಗ್ಗೆಯೋ ಹಿಜಾಬಿನ ಬಗ್ಗೆಯೋ ಮನೆಯೊಳಗೆ ಕೂತು ನಂಬಿ ಹೇಳಿದ ಮಾತನ್ನು ಎಲ್ಇಡಿ ವ್ಯಾನಿನಲ್ಲಿ ಚೌಕದಲ್ಲಿ ಓಡಿಸಿದರೆ ಅವಳ ಬದುಕಿಗೆ ಏನಾದೀತು ಎಂದು ಯೋಚಿಸಿ. ಹೊಸದಾಗಿ ಒಪ್ಪಿಗೆ ಪತ್ರ ಪಡೆಯದೆ ಒಂದು ಫ್ರೇಮನ್ನೂ ತೆಗೆಯಬಾರದು ಎಂಬುದು ನಮ್ಮ ಕಟ್ಟುನಿಟ್ಟು.

ಎದುರಾಳಿಗಳು ತೆಗೆಯುವುದು ಬೇರೆ ವಿಷಯ. ಅವರಿಗೆ ಬೇಕಿರುವುದು ಸಂದರ್ಶನವೊಂದರಲ್ಲಿ ನೀವು ಪ್ರಶ್ನೆಯಾಗಿ ಎತ್ತಿದ ವಾಕ್ಯ. ಪ್ರಶ್ನಾರ್ಥಕ ಸ್ವರ ಕತ್ತರಿಸಿದರೆ ಅದು ನಿಮ್ಮ ಹೇಳಿಕೆ. ಇದಕ್ಕೆ ಪ್ರತಿಭಟನೆಗಿಂತ ದೊಡ್ಡ ಉತ್ತರ ರಶಸ್. ಚುನಾವಣೆಗೆ ಮೊದಲೇ ಬಿಡುಗಡೆಯಾದ ಪ್ರತಿ ಚಿತ್ರದಲ್ಲೂ ನಿಮ್ಮ ಧ್ವನಿ ಇರುವ ಭಾಗಗಳ ಟೈಮ್‌ಕೋಡ್ ಪಟ್ಟಿ ಮಾಡಿ, ಆ ಭಾಗದ ಮೂಲ ಕ್ಲಿಪ್ಪಿನ ಚೆಕ್‌ಸಮ್ (ಫೈಲು ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ತೆಗೆದಿಟ್ಟು, ಎರಡು ಕಡೆ ಪ್ರತಿ ಇಡಿ. ಕತ್ತರಿಸಿದ ತುಣುಕು ಹರಿದಾಡತೊಡಗಿದ ಗಂಟೆಯೊಳಗೆ, ಹಿಂದೆ ಮುಂದೆ ಅರ್ಧರ್ಧ ನಿಮಿಷ ಸೇರಿಸಿ, ಸಂಗೀತ, ಸಮಜಾಯಿಷಿ ಯಾವುದೂ ಇಲ್ಲದೆ ಮೂಲವನ್ನು ಹಾಕಬೇಕು. ಮರುದಿನ ಹಾಕಿದರೆ ನೋಡುವವರಿಲ್ಲ. ಮುಖ ಅಂಟಿಸಿದ ಅಶ್ಲೀಲ ಚಿತ್ರ ಬಂದರೆ ಅದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ, ‘ನೋಡಿ ಹೀಗೆ ಮಾಡಿದ್ದಾರೆ’ ಎಂದು ತೋರಿಸಲೂ ಬೇಡಿ. ಲಿಂಕು, ಸಮಯ, ಕಳಿಸಿದ ಸಂಖ್ಯೆ ಬರೆದುಕೊಂಡು ಸೈಬರ್ ಠಾಣೆಗೆ ದೂರು, ಅದರ ಪ್ರತಿ ಚುನಾವಣಾಧಿಕಾರಿಗೆ. ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯದ ಬಗ್ಗೆ ಸುಳ್ಳು ಹಬ್ಬಿಸುವುದು 123(4)ರಲ್ಲಿ ಭ್ರಷ್ಟ ಆಚರಣೆ, ಭಾರತೀಯ ನ್ಯಾಯ ಸಂಹಿತೆಯ 175ರಲ್ಲಿ ಅಪರಾಧ. ದೂರಿನಲ್ಲಿ ಎರಡನ್ನೂ ನಮೂದಿಸಿ.

ಖರ್ಚಿನ ಮಿತಿ ₹40 ಲಕ್ಷ. ಪಕ್ಷೇತರಳಾದ ಸಾಕ್ಷ್ಯಚಿತ್ರದವಳು ಅದರ ಹತ್ತಿರವೂ ಸುಳಿಯಲಾರಳು, ಹಾಗೆಂದು ಲೆಕ್ಕ ಸಡಿಲ ಬಿಡುವಂತಿಲ್ಲ. ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗಿನ ಎಲ್ಲ ಖರ್ಚು ಸೇರುತ್ತದೆ, ಅದಕ್ಕೂ ಮೊದಲೇ ಮಾಡಿಸಿ ಈ ಅವಧಿಯಲ್ಲಿ ಬಳಸಿದ ಸಾಮಗ್ರಿಯದ್ದೂ ಸೇರುತ್ತದೆ. ಕೊಡುವ ವಹಿಯಲ್ಲಿ ಮೂರು ಬಣ್ಣ: ದಿನವಹಿ ಬಿಳಿ ಹಾಳೆ, ನಗದು ಗುಲಾಬಿ, ಬ್ಯಾಂಕು ಹಳದಿ. ಒಬ್ಬ ವ್ಯಕ್ತಿಗೆ ಅಥವಾ ಸಂಸ್ಥೆಗೆ ₹10,000ಕ್ಕಿಂತ ಹೆಚ್ಚಿನ ಪಾವತಿ ನಗದಿನಲ್ಲಿ ಇಲ್ಲ. ಕರಪತ್ರದ ಮೇಲೆ ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಕಡ್ಡಾಯ. ಇಲ್ಲದಿದ್ದರೆ 127ಎ ಪ್ರಕಾರ ಆರು ತಿಂಗಳವರೆಗೆ ಸಜೆ, ₹2,000ವರೆಗೆ ದಂಡ, ಇಲ್ಲವೇ ಎರಡೂ. ಸಂಬಳವಿಲ್ಲದೆ ಬಂದ ಗೆಳೆಯರು ತಂದ ಕ್ಯಾಮೆರಾ, ಲೈಟು, ಮೈಕುಗಳಿಗೆ ಜಿಲ್ಲೆಯ ದರಪಟ್ಟಿಯ ಬಾಡಿಗೆ ಕಟ್ಟಿ ‘ವಸ್ತುರೂಪದ ನೆರವು’ ಎಂದು ಬರೆದುಬಿಡಿ.

ಲೆಕ್ಕ ಹೇಗೆ ತಪ್ಪುತ್ತದೆ ಎಂದು ಒಂದು ಸಂಜೆಯ ಸಭೆಯಲ್ಲಿ ನೋಡಿ. ನಿಮ್ಮ ಬಿಳಿ ಹಾಳೆಯಲ್ಲಿ 120 ಕುರ್ಚಿ ಎಂದಿದೆ. ದರಪಟ್ಟಿಯಲ್ಲಿ ಕುರ್ಚಿಗೆ ₹8 ಎಂದಿಟ್ಟುಕೊಳ್ಳಿ, ₹960 ಆಯಿತು. ವಿಡಿಯೋ ಕಣ್ಗಾವಲು ತಂಡದವರು ಮೂಲೆಯಿಂದ ಒಂದು ಪ್ಯಾನ್ ಹೊಡೆದುಕೊಂಡು ಹೋಗಿರುತ್ತಾರೆ. ಅದನ್ನು ಕಚೇರಿಯಲ್ಲಿ ಕೂತು ನೋಡುವ ತಂಡ ಪಕ್ಕದ ಹೋಟೆಲಿನ ಕುರ್ಚಿಗಳನ್ನೂ ಸೇರಿಸಿ 150 ಎಂದು ಎಣಿಸಿರುತ್ತದೆ, ನಿಮ್ಮ ಖರ್ಚಿಗೆ ಅಧಿಕಾರಿಗಳೇ ಬೇರೆಯಾಗಿ ಇಡುವ ನೆರಳು ವಹಿಯಲ್ಲಿ ₹1,200 ಸೇರಿರುತ್ತದೆ. ವ್ಯತ್ಯಾಸ ₹240. ಇಂಥವು ಹದಿನೈದು ಸೇರಿದರೆ ನೋಟಿಸ್, 48 ಗಂಟೆಯಲ್ಲಿ ಉತ್ತರ. ಸಭೆ ಶುರುವಾಗುವ ಮೊದಲು ವೇದಿಕೆಯ ಮೇಲಿನಿಂದ ಒಂದು ವೈಡ್ ಶಾಟ್, ಸಾಲು ಸಾಲಾಗಿ ಎಣಿಸುತ್ತಾ ಒಂದು ಟ್ರ್ಯಾಕಿಂಗ್ ಶಾಟ್, ಬಾಡಿಗೆಯವನ ಚೀಟಿಯ ಒಂದು ಕ್ಲೋಸಪ್, ಸಮಯ ಕಾಣುವಂತೆ. ಎರಡು ನಿಮಿಷದ ಕೆಲಸ. ಪ್ರಚಾರದ ಅವಧಿಯಲ್ಲಿ ಮೂರು ಬಾರಿ ವಹಿ ತಪಾಸಣೆಗೆ ಒಯ್ಯಬೇಕು, ಆಗ ಈ ಕ್ಲಿಪ್ಪುಗಳು ಫೋನಿನಲ್ಲಿ ದಿನಾಂಕದ ಫೋಲ್ಡರಿನಲ್ಲಿರಲಿ.

ಬೂತಿನಲ್ಲಿ ನಮೂನೆ 10 ಕೊಟ್ಟು ಕೂರಿಸುವ ಏಜೆಂಟರಲ್ಲಿ ಹೆಂಗಸರು ಇರಲೇಬೇಕು, ಬುರ್ಖಾ ತೊಟ್ಟು ಬರುವವರು ಹೆಚ್ಚಿರುವ ಬೂತಿನಲ್ಲಂತೂ. ಗುರುತು ನೋಡಲು ಅಲ್ಲಿ ಮಹಿಳಾ ಸಿಬ್ಬಂದಿ ಇರುತ್ತಾರೆ, ಇಲ್ಲದಿದ್ದರೆ ಏಜೆಂಟ್ ಕೇಳಬೇಕು. ಎದುರಾಳಿಯ ಏಜೆಂಟ್ ಮತದಾರಳ ಗುರುತನ್ನು ಪ್ರಶ್ನಿಸುವುದಾದರೆ ಪ್ರತಿ ಸಲವೂ ₹2 ಕಟ್ಟಿ ವಿಧಿವತ್ತಾಗಿ ಪ್ರಶ್ನಿಸಬೇಕು. ಸುಮ್ಮನೆ ಕೂಗಿ ಸಾಲನ್ನು ಚದುರಿಸಲು ಬಿಡಬಾರದು. ಬಿಸಿಲಿನಲ್ಲಿ ಮಗು ಎತ್ತಿಕೊಂಡು ನಿಂತವಳು ಒಮ್ಮೆ ಮನೆಗೆ ಹೋದರೆ ಮತ್ತೆ ಬರುವುದಿಲ್ಲ.

ಫಲಿತಾಂಶ ಏನೇ ಬರಲಿ, 30 ದಿನದೊಳಗೆ ಪೂರ್ತಿ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಬೇಕು. ವ್ಯತ್ಯಾಸಗಳನ್ನು ಹೊಂದಿಸಲು 26ನೇ ದಿನ ಸಭೆ ಕರೆಯುತ್ತಾರೆ, ವೋಚರು, ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಹೋಗಿ. ಸೋತವರು ಇದನ್ನು ಮರೆಯುವುದೇ ಹೆಚ್ಚು, ಮರೆತರೆ 10ಎ ಕಲಮಿನಡಿ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದಿದ್ದರೆ ಠೇವಣಿ ವಾಪಸ್ಸಿಗೆ ಅರ್ಜಿ ಕೊಡಿ. ಗೆದ್ದಿದ್ದರೆ ನೆನಪಿಡಬೇಕಾದದ್ದು ಇನ್ನೊಂದು: ಹೊರದೇಶದ ಚಿತ್ರೋತ್ಸವ ವಿಮಾನದ ಟಿಕೆಟ್ಟು, ಹೋಟೆಲು ಕೊಟ್ಟು ಕರೆದರೆ ಇನ್ನು ಮುಂದೆ ಅದು ‘ವಿದೇಶಿ ಆತಿಥ್ಯ’, ಶಾಸಕಿ ಕೇಂದ್ರ ಗೃಹ ಸಚಿವಾಲಯದ ಅನುಮತಿ ಪಡೆದೇ ಹೋಗಬೇಕು. ಆಹ್ವಾನ ಪತ್ರ ಬಂದ ದಿನವೇ ಅರ್ಜಿ ಹಾಕಿ.